ಗುಡ್ಡವನ್ನು ನಯವಾಗಿ ನಿಲ್ಲಿಸಿದವನ ಅರ್ಜಿ

ಇಂದ,
ಚಲನಚಿತ್ರಿಕೆ ತಯಾರಕ (ದರ್ಜೆ ಎರಡು),
ಕಿಟಕಿಯಿಲ್ಲದ ಕೊಠಡಿ, ನೆಲಮಹಡಿ,
ಭೂಚಲನೆ ಮಾಪನ ಕಚೇರಿ.

ಗೆ,
ಮಾನ್ಯ ಮುಖ್ಯಸ್ಥರು,
ಕಿಟಕಿಯಿರುವ ಕೊಠಡಿ, ಮೂರನೇ ಮಹಡಿ,
ಅದೇ ಕಚೇರಿ.

ವಿಷಯ: ಅರ್ಜಿದಾರನಿಗೆ ತನ್ನ ಕೆಲಸ ಬರುವುದಿಲ್ಲವೆಂದು ಸಹಿ, ಮೊಹರಿನೊಂದಿಗೆ ದೃಢೀಕರಿಸಿ ಕೊಡುವ ಬಗ್ಗೆ.

ಉಲ್ಲೇಖ: 1. ಹದಿನೆಂಟು ದಿನಗಳ ಹಿಂದಿನ ಸಾರ್ವಜನಿಕ ಸಭೆಯಲ್ಲಿ ತಾವು ನನ್ನನ್ನು ಹೊಗಳಿದ್ದು.
2. ಸೋಮವಾರ ತಮ್ಮ ಬಾಗಿಲಲ್ಲಿ ನಿಂತು ನಾನು ಮಾಡಿದ ಮೌಖಿಕ ಮನವಿ, ಹಾಗೂ ಅದಕ್ಕೆ ತಾವು ನಕ್ಕದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಾನು ಈ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಂಕಿಅಂಶಗಳನ್ನು ಓಡಾಡಿಸುವ ಕೆಲಸ ಮಾಡುತ್ತಿದ್ದೇನೆ. ಅಳತೆಗಾರರು ತಂದ ಸಂಖ್ಯೆಗಳನ್ನು ಚಿತ್ರಗಳಾಗಿ ಬರೆದು, ಸಾಲಾಗಿ ಜೋಡಿಸಿ ಬೇಗಬೇಗ ತೋರಿಸಿದರೆ ಗುಡ್ಡ ಚಲಿಸಿದಂತೆ ಕಾಣುತ್ತದೆ. ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಯಾವುದರ ಹಿಂದೆ ಯಾವುದು ಬರಬೇಕು, ಎಷ್ಟು ಹೊತ್ತು ಇರಬೇಕು ಎಂಬುದೆಲ್ಲ ನನ್ನ ತೀರ್ಮಾನ. ಮನೆಯಲ್ಲಿ ಟಿವಿಯ ರಿಮೋಟ್ ಕೂಡ ಕೈಗೆ ಸಿಗದ ಕಾರಣ, ಈ ಅಧಿಕಾರವನ್ನು ನಾನು ಸ್ವಲ್ಪ ಹೆಚ್ಚಾಗಿಯೇ ಅನುಭವಿಸುತ್ತಿದ್ದೆ.

2. ಊರ ಹೊರಗಿನ ಗುಡ್ಡದ ಇಳಿಜಾರು ಕೆಳಗೆ ಜಾರುತ್ತಿದೆ ಎಂಬುದು ತಮಗೆ ತಿಳಿದ ವಿಷಯ. ಮೊದಲ ಎಂಟು ವರ್ಷ, ವರ್ಷಕ್ಕೆ ಒಂದರಂತೆ ಎಂಟು ಅಳತೆಗಳಾದವು. ಪ್ರತಿ ಸಲ ಸುಮಾರು ನಾಲ್ಕು ಸೆಂಟಿಮೀಟರ್. ಆಮೇಲೆ ಜಾರುವಿಕೆ ಜೋರಾದ್ದರಿಂದ ಅಳತೆಗಾರ್ತಿ ವಾರಕ್ಕೊಮ್ಮೆ ಹೋಗತೊಡಗಿದರು. ಅಂಥ ಆರು ವಾರಗಳಲ್ಲಿ ಪ್ರತಿ ವಾರ ಎರಡರಿಂದ ಮೂರು ಸೆಂಟಿಮೀಟರ್. ನನ್ನ ಮೇಜಿಗೆ ಒಟ್ಟು ಹದಿನಾಲ್ಕು ಅಳತೆಗಳು ಬಂದವು.

3. ನಾನು ಯಾರಿಗೂ ಮೋಸವಾಗಬಾರದೆಂದು ಎಲ್ಲ ಹದಿನಾಲ್ಕಕ್ಕೂ ತಲಾ ಇಪ್ಪತ್ತು ಫ್ರೇಮ್ ಹಂಚಿದೆ. ಸೆಕೆಂಡಿಗೆ ಇಪ್ಪತ್ತು ಫ್ರೇಮ್ ಓಡುತ್ತವೆ. ಅಂದರೆ ಚಿತ್ರದಲ್ಲಿ ಒಂದು ವರ್ಷಕ್ಕೂ ಒಂದು ಸೆಕೆಂಡ್, ಒಂದು ವಾರಕ್ಕೂ ಒಂದು ಸೆಕೆಂಡ್. ಸೆಕೆಂಡಿಗೆ ನಾಲ್ಕು ಸೆಂಟಿಮೀಟರಿನಂತೆ ಜಾರುತ್ತಿದ್ದ ಗುಡ್ಡ, ನಿಜವಾಗಿ ಓಡಲು ಶುರುಮಾಡಿದ ಹೊತ್ತಿಗೆ ಸರಿಯಾಗಿ ನನ್ನ ಪರದೆಯ ಮೇಲೆ ಎರಡು-ಮೂರಕ್ಕೆ ಇಳಿಯಿತು. ಸಮಪಾಲು ಹಂಚಿಕೆ ಎಂದರೆ ನ್ಯಾಯ ಎಂದುಕೊಂಡಿದ್ದೆ. ಇಷ್ಟು ಸಣ್ಣ ಲೆಕ್ಕ ಹೊಳೆಯದ ತಲೆಯನ್ನು ಹೊತ್ತುಕೊಂಡೇ ನಾನು ಹತ್ತೊಂಬತ್ತು ವರ್ಷ ಈ ಕಟ್ಟಡದ ಮೆಟ್ಟಿಲು ಹತ್ತಿಳಿದಿದ್ದೇನೆ.

4. ಸಾಲದ್ದಕ್ಕೆ, ಕೊನೆಯಲ್ಲಿ ಚಿತ್ರ ಗಕ್ಕನೆ ನಿಲ್ಲುವುದು ಕಣ್ಣಿಗೆ ಒರಟಾಗಿ ಕಂಡಿತು. ತಾವೂ "ಸ್ವಲ್ಪ ನಯವಾಗಿ ಮಾಡಿ, ಜನ ಗಾಬರಿಯಾಗೋದು ಬೇಡ" ಎಂದಿದ್ದಿರಿ. ಆದ್ದರಿಂದ ಕೊನೆಯ ಫ್ರೇಮುಗಳನ್ನು ಹತ್ತಿರ ಹತ್ತಿರ ಸೇರಿಸಿ, ಊಟವಾದ ಮೇಲೆ ಗೋಡೆಗೆ ಒರಗುವ ಹಿರಿಯರ ಹಾಗೆ ಗುಡ್ಡ ಮೆಲ್ಲಗೆ ನಿಲ್ಲುವಂತೆ ಮಾಡಿದೆ. ಹೀಗೆಯೇ ನಿಲ್ಲಿಸಬೇಕೆಂದು ನನಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ನನ್ನ ಕಲಾಭಿರುಚಿ ಅದು.

5. ಸಭೆಯಲ್ಲಿ ಎರಡನೇ ಸಾಲಿನಲ್ಲಿ ನನ್ನ ಅಕ್ಕ ಕುಳಿತಿದ್ದಳು. ಆಕೆ ಬಟ್ಟೆ ಹೊಲಿಯುವವಳು, ಆ ಇಳಿಜಾರಿನಲ್ಲಿ ಮೇಲಿನಿಂದ ಮೂರನೇ ಮನೆಯವಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆಕೆಗೆ ನನ್ನ ಮೇಲೆ ಪ್ರೀತಿ ಬಹಳ, ಭರವಸೆ ಮಾತ್ರ ಇರಲಿಲ್ಲ. ನಲವತ್ತೇಳು ವರ್ಷದವನಾದರೂ ಗುಂಡಿ ತರಲು ನನ್ನನ್ನು ಕಳಿಸುತ್ತಿರಲಿಲ್ಲ. ನಾಲ್ಕು ತೂತಿನದು ಹೇಳಿದರೆ ಎರಡು ತೂತಿನದು ತರುತ್ತಾನೆ ಎನ್ನುತ್ತಿದ್ದಳು. ಅಂದು ಚಿತ್ರ ಮುಗಿದು, ತಾವು ವೇದಿಕೆಯಿಂದ ನನ್ನನ್ನು ಎಬ್ಬಿಸಿ ನಿಲ್ಲಿಸಿ "ಇವರ ಕೈಚಳಕ ನೋಡಿ" ಎಂದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಗೆ ಬಂದು ನನ್ನ ತೋಳು ಹಿಡಿದು ಹೇಳಿದ ಮಾತು ಹೀಗಿದೆ:

"ಇಷ್ಟು ವರ್ಷ ಆಫೀಸಲ್ಲಿ ಕೂತು ಏನ್ ಮಾಡ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ. ಇವತ್ತು ಗೊತ್ತಾಯ್ತು. ಅದೆಷ್ಟು ಚೆನ್ನಾಗಿ ನಿಲ್ತು ಗುಡ್ಡ."

ನಾನು ಸಂತೋಷದಿಂದ ಉಬ್ಬಿಹೋದೆ. ಇದನ್ನೂ ದಾಖಲಿಸುತ್ತಿದ್ದೇನೆ.

6. ಆಕೆ ಅಷ್ಟರಲ್ಲಿ ಸಾಮಾನು ಕಟ್ಟಿ, ಕೆಳಗಿನ ಬಯಲಲ್ಲಿ ಬೇರೆ ಮನೆ ಗೊತ್ತುಮಾಡಿಕೊಂಡಿದ್ದಳು. ಮರುದಿನ ಆ ಮನೆ ಬೇಡವೆಂದು ಹೇಳಿ ಕಳಿಸಿ, ಗಂಟು ಬಿಚ್ಚಿ, ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿದಳು. ಆ ಬೀದಿಯ ಉಳಿದ ಒಂಬತ್ತು ಮನೆಯವರು ಅಳತೆಗಾರ್ತಿಯ ಮಾತು ಕೇಳಿ ಹೊರಟುಹೋಗಿದ್ದಾರೆ. ಅವರಿಗೆ ನನ್ನ ಪರಿಚಯವಿರಲಿಲ್ಲ, ಹಾಗಾಗಿ ಬದುಕಿಕೊಂಡರು. ಭಾವನಿಗೂ ಹೊರಡುವ ಮನಸ್ಸಿದೆ, ಆದರೆ ಅಕ್ಕನ ಮಾತು ಮೀರಿ ಅಭ್ಯಾಸವಿಲ್ಲ.

7. ತಪ್ಪು ನನಗೆ ತಿಳಿದದ್ದು ಅಳತೆಗಾರ್ತಿಯಿಂದ. ಅವರು ಹೊಸ ಅಳತೆ ಹಿಡಿದು ಬಂದು, ನನ್ನ ಚಿತ್ರ ನೋಡಿ, "ಸಾರ್, ಕೆಳಗಡೆ ತಾರೀಖು ಎಲ್ಲಿ?" ಎಂದು ಕೇಳಿದರು. ಅಂದವಾಗಿ ಕಾಣಲೆಂದು ತೆಗೆದಿದ್ದೆ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತು ಹೊಸ ಅಳತೆಯ ಚೀಟಿಯನ್ನು ನನ್ನ ಮುಂದಿಟ್ಟರು. ಸಭೆಯ ನಂತರದ ಎರಡು ವಾರಗಳಲ್ಲಿ ಗುಡ್ಡ ಜಾರಿರುವುದು ಮೊದಲು ನಾಲ್ಕು, ಆಮೇಲೆ ಏಳು ಸೆಂಟಿಮೀಟರ್. "ಇನ್ಮೇಲೆ ವಾರದ ಲೆಕ್ಕ ಬೇಡ ಸಾರ್, ದಿನದ ಲೆಕ್ಕ ಇಟ್ಕೊಳ್ಳಿ" ಎಂದರು.

8. ಆದಕಾರಣ ನಾನು ಕೂಡಲೇ ಸರಿಯಾದ ಚಿತ್ರ ಮಾಡಿದೆ. ವರ್ಷಕ್ಕೆ ಇಪ್ಪತ್ತು ಫ್ರೇಮ್ ಎಂದಾದರೆ ಆ ಆರು ವಾರಗಳಿಗೆ ಸಿಗುವುದು ಬರೀ ಎರಡು. ಎಂಟು ಸೆಕೆಂಡ್ ಮಂದವಾಗಿ ಜಾರಿದ ಗುಡ್ಡ ಕೊನೆಯ ಎರಡು ಫ್ರೇಮಿನಲ್ಲಿ ಒದ್ದಂತೆ ಮುಂದಕ್ಕೆ ಹಾರುತ್ತದೆ. ಲ್ಯಾಪ್‌ಟಾಪನ್ನು ಅಕ್ಕನ ಹೊಲಿಗೆ ಯಂತ್ರದ ಮೇಲೆಯೇ ಇಟ್ಟು ತೋರಿಸಿದೆ.

"ಕೊನೇಲಿ ಏನೋ ಹಾರ್ತಲ್ಲ, ಕಟ್ ಆಯ್ತಾ?" ಎಂದಳು.

"ಕಟ್ ಆಗಿಲ್ಲ ಅಕ್ಕ. ಆ ಆರು ವಾರ ಇರೋದೇ ಹಾಗೆ. ಮೊದಲನೇದು ತಪ್ಪು."

"ಸುಮ್ನಿರು. ಮೊದಲನೇದು ಎಷ್ಟು ನೀಟಾಗಿತ್ತು. ಇದನ್ನ ಅವಸರದಲ್ಲಿ ಮಾಡಿದೀಯ, ನೋಡಿದ್ರೇನೇ ಗೊತ್ತಾಗುತ್ತೆ."

ಆಕೆಯ ಮುಂಬಾಗಿಲ ಕೆಳಭಾಗವನ್ನು ಬಡಗಿ ಒಂದೇ ತಿಂಗಳಲ್ಲಿ ಎರಡು ಸಲ ಹೆರೆದಿದ್ದಾನೆ. ಮರ ಹಿಗ್ಗಿದೆ ಎನ್ನುತ್ತಾಳೆ. ಬೀರುವಿನ ಹಿಂದಿನ ಬಿರುಕಿನಲ್ಲಿ ನನ್ನ ಹೆಬ್ಬೆರಳು ಹೋಗುತ್ತದೆ. ಮಾನ್ಯರೇ, ನನಗೆ ಭಯವಾಗಿದೆ. ಅಂಗಲಾಚಿದೆ, ಕಾಲು ಹಿಡಿದೆ. ಆಕೆ ಪಟ್ಟು ಬಿಡಲಿಲ್ಲ.

"ತಪ್ಪಾಗಿದ್ರೆ ನಿಮ್ಮ ಸಾಹೇಬ್ರು ಅಷ್ಟು ಜನರ ಮುಂದೆ ಹೊಗಳ್ತಿದ್ರಾ? ನೀನು ಚಿಕ್ಕವನಿದ್ದಾಗಿಂದ ಹೀಗೇ. ಮಾಡಿದ್ದು ಚೆನ್ನಾಗಿದ್ರೂ ಅನುಮಾನ ನಿಂಗೆ. ಹೋಗು, ಇವನಿಗೆ ಕೆಲಸ ಬರಲ್ಲ ಅಂತ ಅವರ ಕೈಲಿ ಬರೆಸಿ, ಸೀಲ್ ಹಾಕಿಸ್ಕೊಂಡು ಬಾ. ಆ ಕ್ಷಣಾನೇ ಹೊರಡ್ತೀನಿ."

9. ಸೋಮವಾರ ಇದನ್ನೇ ಕೇಳಿದಾಗ ತಾವು "ಹಾಗೆಲ್ಲ ಬರ್ಕೊಡೋಕಾಗಲ್ರೀ, ನಿಮ್ಮ ಸೇವಾ ಪುಸ್ತಕದಲ್ಲಿ ಪ್ರತಿ ವರ್ಷ 'ಉತ್ತಮ' ಅಂತಿದೆ" ಎಂದಿರಿ. ಸದರಿ 'ಉತ್ತಮ'ಗಳನ್ನು ನಾನು ಹಿಂದಿರುಗಿಸಲು ಸಿದ್ಧನಿದ್ದೇನೆ.

10. ಪತ್ರದಲ್ಲಿ ದಯವಿಟ್ಟು "ತಾಂತ್ರಿಕ ಕಾರಣಗಳಿಂದ" ಎಂಬ ಪದಗಳನ್ನು ಬಳಸಕೂಡದು. ಅಕ್ಕ ಅದನ್ನು ಓದಿದರೆ ಯಂತ್ರ ಕೆಟ್ಟಿರಬೇಕು, ನನ್ನ ತಮ್ಮನದೇನೂ ತಪ್ಪಿಲ್ಲ ಎಂದುಕೊಳ್ಳುತ್ತಾಳೆ. "ಪರಿಶೀಲನೆಯಲ್ಲಿದೆ" ಎಂಬುದೂ ಬೇಡ. ನೇರವಾಗಿ ಹೀಗೆ ಬರೆದರೆ ಸಾಕು: "ಇವನು ದಡ್ಡ. ಇವನು ತೋರಿಸಿದ ಗುಡ್ಡ ಸುಳ್ಳು. ನಿಜವಾದ ಗುಡ್ಡ ಓಡುತ್ತಿದೆ." ಮರ್ಯಾದೆಗೆಂದು ಬಹುವಚನ ಸೇರಿಸಿದರೆ ಆಕೆಗೆ ಮತ್ತೆ ಅನುಮಾನ ಬರುತ್ತದೆ.

11. ಈ ಪತ್ರ ಓದಿದ ಮೇಲೆ ಅಕ್ಕ ನನ್ನನ್ನು ಇನ್ನೆಂದೂ ಗುಂಡಿ ತರಲೂ ಕಳಿಸುವುದಿಲ್ಲ. ನನ್ನ ಜೀವಮಾನದಲ್ಲಿ ಆಕೆ ನನ್ನ ಕೆಲಸವನ್ನು ನಂಬಿದ್ದು ಇದೊಂದೇ ಸಲ. ಅದನ್ನು ನಾನೇ ಮೊಹರು ಹಾಕಿಸಿ ವಾಪಸು ಪಡೆಯುತ್ತಿದ್ದೇನೆ. ಇದರಿಂದ ನನಗೆ ಬಹಳ ನೋವಾಗುತ್ತದೆ ಎಂಬುದನ್ನು ಕಚೇರಿಯ ಮಾಹಿತಿಗಾಗಿ ಮಾತ್ರ ತಿಳಿಸಿದ್ದೇನೆ. ಇದರ ಮೇಲೆ ಯಾವುದೇ ಕ್ರಮ ಅಗತ್ಯವಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಗಣಿಸಿ, ಕೋರಿದ ಪತ್ರವನ್ನು ನೀಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ
(ಯಾರೂ ವಿಶ್ವಾಸ ಇಡಬಾರದೆಂಬುದೇ ಈ ಅರ್ಜಿಯ ಉದ್ದೇಶವಾಗಿದ್ದರೂ),
ಚಲನಚಿತ್ರಿಕೆ ತಯಾರಕ

ಲಗತ್ತುಗಳು:
1. ತಪ್ಪು ಚಿತ್ರ, ಹದಿನಾಲ್ಕು ಸೆಕೆಂಡ್. ನೋಡಲು ಚೆನ್ನಾಗಿದೆ.
2. ಸರಿಯಾದ ಚಿತ್ರ. ನೋಡಲು ಚೆನ್ನಾಗಿಲ್ಲ.
3. ಅಳತೆಗಾರ್ತಿಯ ಇಂದು ಬೆಳಗಿನ ಚೀಟಿ: ನಿನ್ನೆಯಿಂದ ಇಂದಿಗೆ ಮೂರು ಸೆಂಟಿಮೀಟರ್.
4. ನಾನೇ ಟೈಪು ಮಾಡಿ ತಂದಿರುವ ದೃಢೀಕರಣ ಪತ್ರ. ಸಹಿಯೊಂದೇ ಬಾಕಿ.

ವಿ. ಸೂ.: ಅರ್ಜಿಗಳಿಗೆ ಇಪ್ಪತ್ತೊಂದು ಕೆಲಸದ ದಿನಗಳೊಳಗೆ ಉತ್ತರಿಸುವುದು ನಮ್ಮ ಕಚೇರಿಯ ನಿಯಮ. ಗುಡ್ಡಕ್ಕೆ ಈ ನಿಯಮದ ಪ್ರತಿ ತಲುಪಿಲ್ಲ. ನಾನು ತಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೇನೆ. ಸಾಮಾನು ಸಾಗಿಸುವ ಲಾರಿ ಗೇಟಿನಲ್ಲಿ ಎಂಜಿನ್ ಆರಿಸದೆ ನಿಂತಿದೆ. ಆದಕಾರಣ ನನ್ನನ್ನು ಇಂದು ಊಟದ ವಿರಾಮಕ್ಕೆ ಮೊದಲೇ ದಡ್ಡನೆಂದು ಘೋಷಿಸಬೇಕಾಗಿ ಕೋರುತ್ತೇನೆ.