ಅತ್ತೆ ಹೇಳಿದ ಕಥೆಗೆ ಸಿನಿಮಾದವರು ಮಾಡಿದ ಅನ್ಯಾಯ

ಸಿನಿಮಾ ನೋಡಿ ಬಂದ ಮೇಲೆ ಜಗಳವಾಡುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಅದು ಬಿಡುಗಡೆಯಾಗುವ ಮೊದಲೇ ಜಗಳ ಶುರುಮಾಡಿ, ನಿರ್ದೇಶಕನಿಂದ ಹಿಡಿದು ನಾಯಕಿಯ ಕುದುರೆಯವರೆಗೆ ಎಲ್ಲರಿಗೂ ಬೈದು, ಬಿಡುಗಡೆಯ ಹೊತ್ತಿಗೆ ಗಂಟಲು ಕಟ್ಟಿಸಿಕೊಂಡು ಕೂತವರನ್ನು ಕಂಡಿದ್ದೀರಾ? ಇಲ್ಲದಿದ್ದರೆ ಒಮ್ಮೆ ಹಾನುಬಾಳಿನ ಕಡೆ ಬನ್ನಿ. ನಮ್ಮ ಅತ್ತೆಯನ್ನು ತೋರಿಸುತ್ತೇನೆ.

ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ. ಅವರ ಬಗ್ಗೆ ಹೀಗೆಲ್ಲ ಬರೆಯುವ ಧೈರ್ಯ ನನಗೆಲ್ಲಿಂದ ಬರಬೇಕು! ಇವರು ನಮ್ಮಪ್ಪನ ತಂಗಿ. ಮಾವ ತೀರಿಕೊಂಡ ಮೇಲೆ ಕಾಫಿ ತೋಟವನ್ನು ಒಬ್ಬರೇ ನಡೆಸುತ್ತಿದ್ದಾರೆ. ಇವರು ಕಣದಲ್ಲಿ ನಿಂತು ಒಂದು ಕೂಗು ಹಾಕಿದರೆ ಪಕ್ಕದ ತೋಟದವರೂ ಬೀಡಿ ಎಸೆದು ಕೆಲಸಕ್ಕೆ ಏಳುತ್ತಾರೆ ಎಂಬ ಮಾತಿದೆ.

ಇಂಥವರ ಕೈಗೆ ಆ ಪುಸ್ತಕಗಳನ್ನು ಕೊಟ್ಟ ಪಾಪಿ ನಾನೇ. ಆಲೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದುವ ಚಟ. ಅತ್ತೆ ಮೆಣಸಿನ ಬಳ್ಳಿಯ ಏಣಿಯಿಂದ ಜಾರಿ ಕಾಲು ಮುರಿದುಕೊಂಡಾಗ ಡಾಕ್ಟರು ಮಂಚ ಬಿಟ್ಟು ಇಳಿಯಬೇಡಿ ಎಂದರು. ಅವರನ್ನು ಮಂಚದ ಮೇಲೆ ಕೂರಿಸುವುದೆಂದರೆ ಗೂಳಿಗೆ ಪದ್ಮಾಸನ ಹಾಕಿಸಿದ ಹಾಗೆ. ಬೇರೆ ದಾರಿ ಕಾಣದೆ ನಾನು ಓದಿ ಮುಗಿಸಿದ್ದ ಐದು ದಪ್ಪ ಸಂಪುಟಗಳನ್ನು ತಂದುಕೊಟ್ಟೆ. ಬೇರೆ ಯಾವುದೋ ಭಾಷೆಯಿಂದ ಕನ್ನಡಕ್ಕೆ ಬಂದ ಕಾಲ್ಪನಿಕ ರಾಜ್ಯದ ಕಥೆ. ಅದರಲ್ಲಿ ವನಜ್ಯೋತಿ ಎಂಬ ರಾಜಕುಮಾರಿ, ಅವಳ ರಾಜ್ಯ ಕಸಿದುಕೊಂಡ ಧೂಮಸೇನ, ಅವಳನ್ನು ಕಷ್ಟಕಾಲದಲ್ಲಿ ನದಿ ದಾಟಿಸುವ ಕೆಂಚ ಎಂಬ ದೋಣಿಯವ, ಮಾತಾಡುವ ಹದ್ದು, ನಡೆಯುವ ಬೆಟ್ಟ, ಇನ್ನೂ ಏನೇನೋ ಇದ್ದವು. ಮೊದಲ ದಿನ ಅತ್ತೆ, ಇದೆಲ್ಲ ಮಕ್ಕಳಿಗೆ ಹೇಳೋ ಸುಳ್ಳು ಕಣೋ ಎಂದು ಪುಸ್ತಕವನ್ನು ದಿಂಬಿನ ಪಕ್ಕಕ್ಕೆ ತಳ್ಳಿದರು. ಮುಂದಿನ ವಾರ ನಾನು ನೋಡಲು ಹೋದಾಗ ಮಾತಾಡಿಸಲೂ ಇಲ್ಲ. ವನಜ್ಯೋತಿ ಸೆರೆಮನೆಯಲ್ಲಿದ್ದಳಂತೆ, ಅವಳು ಹೊರಗೆ ಬರುವತನಕ ನಾನು ಜಗುಲಿಯಲ್ಲಿ ಕಾಯಬೇಕಾಯಿತು.

ಕಾಲು ಸರಿಹೋಯಿತು, ತಲೆ ಸರಿಹೋಗಲಿಲ್ಲ. ಕೊಟ್ಟಿಗೆಯ ಕರು ವನಜ್ಯೋತಿಯಾಯಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ, ಡೀಸೆಲ್ ಹೊಗೆ ಉಗುಳುವ ಪಲ್ಪರ್ ಎಂಜಿನ್ನಿಗೆ ಧೂಮಸೇನ ಎಂದು ಹೆಸರು ಬಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಪಾಪದ ಮನುಷ್ಯ. ಅವರು ಒಮ್ಮೆ ಸಕಲೇಶಪುರದ ಮೆಕ್ಯಾನಿಕ್‌ಗೆ ಫೋನು ಮಾಡಿ, ಧೂಮಸೇನನಿಗೆ ಉಸಿರು ಕಟ್ಟಿದೆ ಬೇಗ ಬನ್ನಿ ಎಂದರಂತೆ. ಆ ಮೆಕ್ಯಾನಿಕ್ ಗಾಬರಿಯಾಗಿ, ನನಗ್ಯಾಕೆ ಹೇಳ್ತೀರಿ, ಆಂಬುಲೆನ್ಸ್ ಕರೀರಿ ಎಂದು ಫೋನು ಇಟ್ಟನಂತೆ.

ಆದರೆ ಪುಸ್ತಕದಿಂದ ನಿಜವಾದ ಲಾಭವಾದದ್ದು ಕುಯ್ಲಿನ ಕಾಲದಲ್ಲಿ. ಕಾಫಿ ಹಣ್ಣು ಬಿಡಿಸಲು ಆಳು ಸಿಗುವುದು ಎಷ್ಟು ಕಷ್ಟ ಎಂದು ನಮ್ಮ ಸೀಮೆಯ ಯಾರನ್ನಾದರೂ ಕೇಳಿ, ಅತ್ತುಬಿಡುತ್ತಾರೆ. ಅತ್ತೆಯ ತೋಟದಲ್ಲಿ ಮಾತ್ರ ಒಬ್ಬರೂ ತಪ್ಪಿಸುತ್ತಿರಲಿಲ್ಲ. ಏಕೆಂದರೆ ಅತ್ತೆ ಹಣ್ಣು ಬಿಡಿಸುವ ಹೆಂಗಸರ ಜೊತೆ ಗಿಡದಿಂದ ಗಿಡಕ್ಕೆ ಸರಿಯುತ್ತ, ದಿನಕ್ಕೊಂದಿಷ್ಟು ಕಥೆ ಹೇಳುತ್ತಿದ್ದರು. ಹೇಳಿ, ಸಂಜೆ ಚೀಲ ಹೊರುವ ಹೊತ್ತಿಗೆ ಸರಿಯಾಗಿ ವನಜ್ಯೋತಿಯನ್ನು ಯಾವುದಾದರೂ ಬಂಡೆಯ ತುದಿಯಲ್ಲಿ ನೇತುಹಾಕಿ ನಿಲ್ಲಿಸಿಬಿಡುತ್ತಿದ್ದರು! ಇನ್ನು ಮರುದಿನ ಬಾರದೆ ಹೇಗಿರುತ್ತಾರೆ? ಪಕ್ಕದ ತೋಟದವರು ಹೆಚ್ಚು ಕೂಲಿ ಕೊಡುತ್ತೇವೆಂದರೂ ಒಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ಆ ತೋಟದ ಸಾಹುಕಾರರು, ವ್ಯಾಪಾರಕ್ಕೊಂದು ನೀತಿ ಬೇಡವಾ ಮಾರಾಯ, ನಿಮ್ಮತ್ತೆಗೆ ಸ್ವಲ್ಪ ಹೇಳು ಎಂದು ನನ್ನ ಅಂಗಡಿಗೇ ಬಂದು ದೂರು ಕೊಟ್ಟು, ಬಿ.ಪಿ. ಮಾತ್ರೆ ತೆಗೆದುಕೊಂಡು ಹೋದರು.

ಹೀಗೆ ಒಂದೇ ಒಂದು ಪುಟ ಓದದೆ, ತೋಟದ ಕೂಲಿಯವರ ಲೈನ್ ಮನೆಗಳ ಹೆಂಗಸರೆಲ್ಲ ಆ ಪುಸ್ತಕದ ಕಡುಭಕ್ತರಾದರು. ಅವರ ಪೈಕಿ ದೊಡ್ಡ ಬಾಯಿ ಜಾನಕಮ್ಮನದು. ಬಾಯೇ ಇಲ್ಲದವಳು ರತ್ನ. ಜಾನಕಮ್ಮ ಕಥೆಯ ನಡುವೆ ನೂರು ಪ್ರಶ್ನೆ ಹಾಕಿದರೆ ರತ್ನ ಗಿಡದ ಆಚೆ ನಿಂತು ಕೇಳುತ್ತ ತನ್ನ ಪಾಡಿಗೆ ಚೀಲ ತುಂಬುತ್ತಿದ್ದಳು.

ಅಷ್ಟರಲ್ಲಿ ಬಂತು ಸುದ್ದಿ. ಪುಸ್ತಕ ಸಿನಿಮಾ ಆಗುತ್ತಿದೆ, ಕನ್ನಡಕ್ಕೂ ಡಬ್ ಆಗುತ್ತದೆ!

ಟ್ರೇಲರನ್ನು ನಾನೇ ಫೋನಿನಲ್ಲಿ ತೋರಿಸಿದೆ. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮತ್ತೆ ಮತ್ತೆ ನೋಡಿದರು. ಕೊನೆಗೆ ತೀರ್ಪು ಕೊಟ್ಟರು. "ಈ ಹುಡುಗಿ ಕತ್ತಿ ಎತ್ತೋದಿರ್ಲಿ, ಅರ್ಧ ಚೀಲ ಹಣ್ಣು ಎತ್ತಲ್ಲ ಕಣೋ. ಇವಳು ರಾಜ್ಯ ಗೆಲ್ತಾಳಾ?" ಧೂಮಸೇನನ ಗಡ್ಡ ನೋಡಿದರೆ ಆಡು ನೆನಪಾಗುತ್ತದಂತೆ. ನಡೆಯುವ ಬೆಟ್ಟ ನಡೆಯುತ್ತಿರಲಿಲ್ಲವಂತೆ, ಕುಂಟುತ್ತಿತ್ತಂತೆ. ಟ್ರೇಲರಿನ ಕೆಳಗೆ ಅಭಿಪ್ರಾಯ ಬರೆಯಬಹುದು ಎಂದು ತಿಳಿದ ಮೇಲಂತೂ ಮುಗಿಯಿತು. ಬೆರಳಿನಿಂದ ಬರೆಯಲು ಬಾರದ್ದಕ್ಕೆ ಮಾತಾಡಿದ್ದನ್ನು ಅಕ್ಷರ ಮಾಡುವ ಗುಂಡಿ ಒತ್ತಿ ಬೈಯತೊಡಗಿದರು. ಅದು ನಡುವೆ ಬಂದ ಮನೆಮಾತನ್ನೂ ಸೇರಿಸಿಕೊಂಡು, 'ನಿರ್ದೇಶಕರೇ ನಿಮಗೆ ಪುಸ್ತಕ ಓದಲು ಬರುತ್ತದೆಯೋ ಇಲ್ಲವೋ ಏ ಆ ಕೋಳಿ ಓಡಿಸೇ' ಎಂದು ಜಗತ್ತಿಗೆಲ್ಲ ಕಾಣುವ ಹಾಗೆ ಅಚ್ಚು ಮಾಡಿತು. ಅದನ್ನು ಮೆಚ್ಚಿಕೊಂಡವರು ಎಷ್ಟು ಜನ! ಕೋಳಿ ಎಂದರೆ ನಾಯಕನಿಗೆ ಹೇಳಿದ್ದು ಎಂದುಕೊಂಡು, ನಾಯಕನ ಅಭಿಮಾನಿಗಳು ಅತ್ತೆಯ ಮೇಲೆ ಯುದ್ಧಕ್ಕೇ ಬಂದರು. ಅತ್ತೆ ಒಬ್ಬೊಬ್ಬರಿಗೂ ಉತ್ತರ ಕೊಟ್ಟರು.

ಇಷ್ಟೆಲ್ಲ ಬೈದ ಮೇಲೆ ಸಿನಿಮಾ ನೋಡುವುದಿಲ್ಲ ಎಂದು ನೀವು ತಿಳಿದಿದ್ದರೆ ನಿಮಗೆ ಅಭಿಮಾನಿಗಳ ಜಾತಿ ಗೊತ್ತಿಲ್ಲ. ಬಿಡುಗಡೆಯಾದ ಮೊದಲ ಭಾನುವಾರವೇ ಹೆಂಗಸರನ್ನೆಲ್ಲ ಹಾಸನಕ್ಕೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಎರಡು ಜೀಪು ಹೇಳಿದರು. ಪುಸ್ತಕ ಓದಿದ ಸಾಕ್ಷಿಯಾಗಿ ನಾನೂ ಇರಬೇಕೆಂದು ಆಜ್ಞೆಯಾಗಿ, ಬೆಳಿಗ್ಗೆಯೇ ಆಲೂರಿನಿಂದ ಹಾನುಬಾಳಿಗೆ ಹೋದೆ.

ಹೊರಡುವಾಗ ಅತ್ತೆ ಒಂದು ವಿಚಿತ್ರ ಮಾಡಿದರು. ಕಣದಲ್ಲಿ ಕಾಫಿ ಹರಡಿದೆ, ಕಾಯಲು ರತ್ನ ಇರಲಿ ಎಂದರು. ಕಣ ಕಾಯಲು ರೈಟರ್ ಇದ್ದರು, ನಾಯಿ ಇತ್ತು. ವರ್ಷಗಟ್ಟಲೆ ಕಥೆ ಕೇಳಿದ ಹೆಂಗಸನ್ನು ಹೀಗೆ ಬಿಟ್ಟುಹೋಗುವುದು ನನಗೆ ಸರಿಕಾಣಲಿಲ್ಲ, ಹೇಳಿಯೂ ಹೇಳಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ರತ್ನ ಹೊಸ ಸೀರೆ ಉಟ್ಟು, ಕನಕಾಂಬರ ಮುಡಿದು ಜೀಪಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಇಳಿ ಎನ್ನಲು ಅತ್ತೆಗೂ ಬಾಯಿ ಬರಲಿಲ್ಲ. ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಮುಖ ಗಂಟು ಹಾಕಿಕೊಂಡು ಕೂತರು.

ಥಿಯೇಟರಿನಲ್ಲಿ ನಮ್ಮ ಮುಂದಿನ ಸಾಲಿನ ತುಂಬ ಕಾಲೇಜು ಹುಡುಗರು. ಕರಿ ನಿಲುವಂಗಿ ತೊಟ್ಟು, ಹಣೆಗೆ ಬೂದಿ ಬಳಿದುಕೊಂಡು ಧೂಮಸೇನನ ಸೈನಿಕರಾಗಿ ಬಂದಿದ್ದರು. ಜಾನಕಮ್ಮ ಅವರನ್ನು ನೋಡಿ, ಅಯ್ಯಪ್ಪ ಮಾಲೆ ಹಾಕವ್ರೆ ಪಾಪ, ಸಿನಿಮಾ ನೋಡ್ಬೌದಾ ಎಂದು ಕಾಳಜಿಯಿಂದ ವಿಚಾರಿಸಿದಳು.

ಸಿನಿಮಾ ಶುರುವಾಯಿತು. ನಮ್ಮ ಸಾಲಿನ ತಕರಾರೂ ಶುರುವಾಯಿತು. ವನಜ್ಯೋತಿಗೆ ಅತ್ತಿಗೆ ಇರಬೇಕಿತ್ತಲ್ಲ, ಎಲ್ಲಿ? ಸೆರೆಮನೆಯ ಕಾವಲುಗಾರನಿಗೆ ಅವಳು ಕೆಸುವಿನ ಸಾರು ಮಾಡಿಕೊಟ್ಟು ನಿದ್ದೆ ಬರಿಸುತ್ತಾಳಲ್ಲ, ಅದನ್ನೇಕೆ ತೆಗೆದರು? ಮಾತಾಡುವ ಹದ್ದು ಮಂಗಳೂರು ಕಡೆಯ ಕನ್ನಡ ಮಾತಾಡಬೇಕಿತ್ತಲ್ಲ? ಪ್ರತಿಯೊಂದಕ್ಕೂ ಜಾನಕಮ್ಮ ನನ್ನ ಕಡೆ ತಿರುಗಿ ಸಾಕ್ಷಿ ಕೇಳುತ್ತಿದ್ದಳು. ನಾನು ತಲೆ ಕೆರೆದುಕೊಂಡೆ. ಐದು ಸಂಪುಟಗಳಲ್ಲಿ ಎಲ್ಲಿಯೂ ನಾನು ಕೆಸುವಿನ ಸಾರು ಕಂಡಿರಲಿಲ್ಲ. ವನಜ್ಯೋತಿಗೆ ಅಣ್ಣನೇ ಇಲ್ಲ, ಇನ್ನು ಅತ್ತಿಗೆ ಎಲ್ಲಿಂದ ಬರಬೇಕು? ಸಿನಿಮಾದವರು ಪಾಪ ಪುಸ್ತಕದಲ್ಲಿದ್ದುದನ್ನೇ ತೋರಿಸಿದ್ದರು. ವರ್ಷವಿಡೀ ನಿರ್ದೇಶಕನಿಗೆ ಪುಸ್ತಕ ಓದಲು ಬರುತ್ತದೆಯೋ ಎಂದು ಕೇಳಿದ ನಮ್ಮ ಅತ್ತೆ, ತಾವು ಹೇಳುವಾಗ ಅರ್ಧ ಕಥೆಯನ್ನು ಹೊಸದಾಗಿ ಹೊಲಿದುಬಿಟ್ಟಿದ್ದರು! ನಾನು ಅವರ ಮುಖ ನೋಡಿದೆ. ಅವರು ಪರದೆಯಿಂದ ಕಣ್ಣು ಕದಲಿಸಲಿಲ್ಲ, ನನ್ನ ತೊಡೆಗೆ ಮಾತ್ರ ಜೋರಾಗಿ ಚಿವುಟಿದರು.

ಮಧ್ಯಂತರ ಮುಗಿದು ನದಿಯ ಯುದ್ಧ ಶುರುವಾಯಿತು. ಎಲ್ಲರೂ ಕಾದಿದ್ದೇ ಈ ದೃಶ್ಯಕ್ಕೆ. ರಾಜಕುಮಾರಿ ಮತ್ತು ಊರಿನ ಜನ ದೋಣಿಗಳಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದಾರೆ, ಧೂಮಸೇನನ ಪಡೆ ಹಿಂದೆಯೇ ಬರುತ್ತಿದೆ. ಅವರನ್ನು ತಡೆಯಲು ದೋಣಿಯ ಕೆಂಚ ಒಬ್ಬನೇ ಮರಳ ದಿಬ್ಬದ ಮೇಲೆ ನಿಲ್ಲುತ್ತಾನೆ. ಆಗ ಅತ್ತೆ ಧಡಕ್ಕನೆ ಎದ್ದು ನಿಂತರು.

"ರತ್ನ, ನಂಗೆ ತಲೆ ಸುತ್ತತೈತೆ. ಹೊರಗೆ ಕರ್ಕೊಂಡ್ ಹೋಗು."

ಇಷ್ಟು ವರ್ಷದಲ್ಲಿ ಅತ್ತೆಗೆ ತಲೆ ಸುತ್ತಿದ್ದನ್ನು ನಾನು ಕಂಡಿಲ್ಲ, ಅವರಿಂದ ಬೇರೆಯವರಿಗೆ ಸುತ್ತಿದ್ದನ್ನು ಮಾತ್ರ ಕಂಡಿದ್ದೇನೆ. ಔಷಧಿ ಅಂಗಡಿಯವನಾಗಿ ನಾನು ಎದ್ದೆ. ಅವರು ನನ್ನ ಭುಜ ಒತ್ತಿ ಕೂರಿಸಿದರು. ಹಿಂದಿನವರು ಕೂತ್ಕೊಳ್ರೀ ಎಂದು ಕೂಗಿದರು. ಅತ್ತೆ ಯಾರನ್ನೂ ಲೆಕ್ಕಿಸದೆ, ಸೆರಗನ್ನು ಅಗಲವಾಗಿ ಬಿಡಿಸಿ ಪರದೆಗೆ ಅಡ್ಡ ಹಿಡಿದುಕೊಂಡು, ರತ್ನಳನ್ನು ಹೆಚ್ಚುಕಡಿಮೆ ದಬ್ಬಿಕೊಂಡೇ ಹೊರಗೆ ಹೋದರು. ವರ್ಷವಿಡೀ ಕಾದ ಸಿನಿಮಾದ ಮುಖ್ಯ ದೃಶ್ಯಕ್ಕೇ ಎದ್ದು ಹೋಗುವುದೆಂದರೆ ಇದೆಂಥ ಹುಚ್ಚು ಎಂದು ನನಗೆ ಸಿಟ್ಟೇ ಬಂತು.

ಪರದೆಯ ಮೇಲೆ ಪಡೆಯ ದೊಡ್ಡ ಆನೆ ನೀರಿಗಿಳಿದು ಕೆಂಚನ ಮೇಲೆ ನುಗ್ಗಿತು. ಪುಸ್ತಕದಲ್ಲಿದ್ದ ಹಾಗೆಯೇ, ಕೆಂಚ ಅದರ ಕಾಲಡಿ ಸಿಕ್ಕಿ ಸತ್ತ.

ನಮ್ಮ ಸಾಲು ಎದ್ದು ನಿಂತಿತು.

"ಕೆಂಚ ಸಾಯಲ್ಲ," ಎಂದಳು ಜಾನಕಮ್ಮ ಇಡೀ ಥಿಯೇಟರಿಗೆ ಕೇಳುವಂತೆ. "ತಪ್ಪು ತೋರ್ಸ್ತಾವ್ರೆ."

ಧೂಮಸೇನನ ಸೈನಿಕನೊಬ್ಬ ತಿರುಗಿ, ಆಂಟಿ, ಪುಸ್ತಕದಲ್ಲೂ ಸಾಯ್ತಾನೆ ಎಂದ. ಯಾವ ಪುಸ್ತಕದಲ್ಲಿ ಎಂದು ಅವಳು, ಎರಡನೇ ಸಂಪುಟದ ಕೊನೆಯಲ್ಲಿ ಎಂದು ಅವನು. ನಮ್ಮಮ್ಮೋರ ಪುಸ್ತಕದಲ್ಲಿ ಆ ಆನೆ ಅವನ ಗುರುತು ಹಿಡಿಯುತ್ತದೆ ಎಂದು ಅವಳು ಸವಾಲು ಹಾಕಿ, ನನ್ನ ಕಡೆ ತಿರುಗಿ, ನೀವಾದ್ರೂ ಹೇಳಿ ಎಂದಳು. ಸಾಲಿನ ಕಣ್ಣುಗಳೆಲ್ಲ ನನ್ನ ಮೇಲೆ. ಪುಸ್ತಕ ಓದಿದ ಸಾಕ್ಷಿಯಾದ ನಾನು ಬಗ್ಗಿ, ಕಳೆದುಹೋಗದ ಚಪ್ಪಲಿ ಹುಡುಕತೊಡಗಿದೆ.

ಆಗ ಜಾನಕಮ್ಮನ ದೃಷ್ಟಿ ನನ್ನ ಪಕ್ಕದ ಖಾಲಿ ಸೀಟುಗಳ ಮೇಲೆ ಬಿತ್ತು.

"ರತ್ನ ಎಲ್ಲವ್ಳೆ?"

ಅತ್ತೆ ಹೊರಗೆ ಕರೆದುಕೊಂಡು ಹೋದರು ಎಂದೆ. ಜಾನಕಮ್ಮ ಮೆಲ್ಲಗೆ ಕೂತಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಕೂತರು.

ರತ್ನಳ ಗಂಡ ಕೆಲವು ವರ್ಷಗಳ ಹಿಂದೆ, ಕುಯ್ಲಿನ ಕಾಲದ ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ, ತೋಟದ ತಿರುವಿನಲ್ಲಿ ನಿಂತಿದ್ದ ಕಾಡಾನೆಗೆ ಸಿಕ್ಕಿ ತೀರಿಕೊಂಡಿದ್ದ. ಅದು ನನಗೆ ಗೊತ್ತಿದ್ದದ್ದೇ. ಮಣ್ಣಿಗೂ ಹೋಗಿದ್ದೆ. ಗೊತ್ತಿಲ್ಲದ್ದನ್ನು ಜಾನಕಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಆ ಕುಯ್ಲಿನಲ್ಲಿ ಕಥೆ ಸರಿಯಾಗಿ ಈ ನದಿಯ ತನಕ ಬಂದು ನಿಂತಿತ್ತು. ತಿಥಿ ಎಲ್ಲ ಮುಗಿದು ರತ್ನ ಕೆಲಸಕ್ಕೆ ಬಂದ ದಿನ ಯಾರಿಗೂ ಏನು ಮಾತಾಡಬೇಕೆಂದು ತೋಚಲಿಲ್ಲ. ಎಂದೂ ಬಾಯಿಬಿಡದ ರತ್ನಳೇ, ಕೆಂಚ ಏನಾದ ಅಮ್ಮ ಎಂದು ಕೇಳಿದಳಂತೆ. ಅತ್ತೆ ಬಿಡಿಸುತ್ತಿದ್ದ ಗಿಡವನ್ನು ಪೂರ್ತಿ ಬಿಡಿಸಿ ಮುಗಿಸಿ, ಆಮೇಲೆ ಕಥೆ ಮುಂದುವರಿಸಿದರಂತೆ.

ಸಿನಿಮಾ ಬಿಟ್ಟಾಗ ಅತ್ತೆ ಮತ್ತು ರತ್ನ ರಸ್ತೆಯಾಚೆ ಗಾಡಿಯ ಬಳಿ ಮಸಾಲೆಪುರಿ ತಿನ್ನುತ್ತಿದ್ದರು. ತಲೆಸುತ್ತು ಎಂಥದು ಎಂದು ನಾನು ಕೇಳಲಿಲ್ಲ. ಅತ್ತೆ ನಮ್ಮ ಮುಖಗಳನ್ನೆಲ್ಲ ಒಮ್ಮೆ ನೋಡಿ, ಜೀಪಿನ ಮುಂದಿನ ಸೀಟಿಗೆ ಹತ್ತಿದರು.

ಸಕಲೇಶಪುರ ಸಮೀಪಿಸುವಾಗ ಇನ್ನೂ ಬಿಸಿಲಿತ್ತು. ರತ್ನ ಜಾನಕಮ್ಮನನ್ನು ಕೇಳಿದಳು.

"ನಾವು ಆಚೆ ಹೋದ್ಮೇಲೆ ಏನಾಯ್ತಕ್ಕ? ಕೆಂಚನ್ನ ಏನ್ ತೋರ್ಸಿದ್ರು?"

ಜೀಪಿನಲ್ಲಿ ಎಲ್ಲರೂ ಕಿಟಕಿಯ ಹೊರಗೆ ನೋಡತೊಡಗಿದರು. ಜಾನಕಮ್ಮ ಸೀಟಿನಲ್ಲಿ ಸರಿದು ಕೂತಳು.

"ಏನಾಯ್ತದೆ, ಅಮ್ಮೋರು ಹೇಳ್ದಂಗೇ ಆಯ್ತು. ಆನೆ ಓಡ್ಬಂತು. ಬಂದು ಹಂಗೇ ನಿಂತ್ಬುಡ್ತು. ಮರಿಯಾಗಿದ್ದಾಗ ತನ್ನ ಹೊಳೆ ದಾಟ್ಸಿದ್ನಲ್ಲ, ಆ ಗುರುತು ಸಿಕ್ತು. ಸೊಂಡ್ಲಲ್ಲಿ ಮೆತ್ತಗೆ ಎತ್ತಿ ಆಚೆ ದಡದಾಗೆ ಇಟ್ಬುಟ್ಟು, ತನ್ ಪಾಡಿಗೆ ಹೋಯ್ತು."

ಮತ್ತೊಬ್ಬಳು, ಅವನ ಪಂಚೆಯೂ ಒದ್ದೆಯಾಗಲಿಲ್ಲ ಎಂದಳು. ಇನ್ನೊಬ್ಬಳು ಹೌದೌದು ಎಂದಳು. ಓದಿದ ಸಾಕ್ಷಿಯಾದ ನನ್ನನ್ನು ರತ್ನ ನೋಡಿದಳು. ಪುಸ್ತಕದಲ್ಲಿಯೂ ಹಾಗೆಯೇ ಇದೆ ಎಂದೆ.

ರತ್ನ ತನ್ನ ಸೀರೆಯ ಅಂಚನ್ನು ಮಡಚಿದಳು.

"ಸಿನಿಮಾದೋರು ಹಂಗೆ ತೆಗ್ದಿರಾಕಿಲ್ಲ ಬುಡಕ್ಕ," ಎಂದಳು ಆಮೇಲೆ. ಅವಳ ದನಿಯಲ್ಲಿ ಬೇಸರವಿರಲಿಲ್ಲ. "ಆದ್ರೂ ಇನ್ನೊಂದ್ಸಲ ಹೇಳು."

ಜಾನಕಮ್ಮ ಶುರುಮಾಡುವ ಮೊದಲೇ ಮುಂದಿನ ಸೀಟಿನಿಂದ ಅತ್ತೆ, ಹಿಂದೆ ತಿರುಗದೆಯೇ, ರಸ್ತೆಯನ್ನು ನೋಡುತ್ತಲೇ ಹೇಳತೊಡಗಿದರು. ಡ್ರೈವರು ಯಾರೂ ಹೇಳದಿದ್ದರೂ ಜೀಪನ್ನು ನಿಧಾನ ಮಾಡಿದ.