ಓಣಿಗೆ ಹಂಚಿದ ರಸಾಯನಶಾಸ್ತ್ರ

ನನ್ನ ಹೆಂಡತಿ ಸುರೇಖಾಳಿಗೆ ರಸಾಯನಶಾಸ್ತ್ರದ ಮೇಲೆ ಎಳ್ಳಷ್ಟೂ ಗೌರವವಿಲ್ಲ. ಕೆರೂರಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಕನ್ನಡ ಕಲಿಸಿದ ನಾನು, ಈ ವಯಸ್ಸಿನಲ್ಲಿ ವಿಜ್ಞಾನದ ಪುಸ್ತಕ ಹಿಡಿದು ಪರಮಾಣುಗಳ ಬೆನ್ನು ಹತ್ತಿದ್ದು ಅವಳಿಗೆ ತಲೆಕೆಟ್ಟ ಲಕ್ಷಣ. (ಅವಳ ತವರಿನವರು ಈ ಲಕ್ಷಣವನ್ನು ಮದುವೆಯ ದಿನವೇ ಗುರುತಿಸಿದ್ದರಂತೆ.)

ಪ್ರತಿ ರವಿವಾರ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಪುಸ್ತಕ ಚರ್ಚೆ. ಔಷಧಿ ಅಂಗಡಿಯ ಯುನೂಸ ಮತ್ತು ಓಣಿಯ ನಾಲ್ಕಾರು ಮಂದಿ ಸೇರುತ್ತಾರೆ. ಹೋದ ತಿಂಗಳು ಕಲಬೆರಕೆಯ ಅಧ್ಯಾಯ ಬಂತು. ಹಾಲಿನಲ್ಲಿ ಹಿಟ್ಟು, ಗಂಜಿ ಬೆರೆತಿದ್ದರೆ ಅಯೋಡಿನ್ ಹನಿಗೆ ನೀಲಿಯಾಗುತ್ತದೆ ಎಂದು ಓದಿದ್ದೇ ತಡ, ಯುನೂಸ ಓಡಿಹೋಗಿ ಬಾಟಲಿ ತಂದ. ಸುರೇಖಾ ಕಾಯಿಪಲ್ಲೆ ತರಲು ಹೋಗಿದ್ದಳು. ನಾನು ಅಡುಗೆಮನೆಯಿಂದ ಒಂದು ಲೋಟ ಆರಿದ ಹಾಲು ತಂದು ಎರಡು ಹನಿ ಬಿಟ್ಟೆ.

ಹಾಲು ನೀಲಿ!

ಜೀವಮಾನದ ಮೊದಲ ಪ್ರಯೋಗಕ್ಕೇ ಅಪರಾಧಿ ಪತ್ತೆ! ಓಣಿಗೆಲ್ಲ ಹಾಲು ಹಾಕುವವಳು ರಂಗವ್ವ ಒಬ್ಬಳೇ. ಲೋಕಕಲ್ಯಾಣಾರ್ಥವಾಗಿ ಮನೆಮನೆಗೆ ಹೋಗಿ ಎಚ್ಚರಿಕೆ ಕೊಟ್ಟು ಬಂದೆ.

ಸಂಜೆ ರಂಗವ್ವ ಹಾಲಿನ ಚರಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಯುನೂಸ ಆಗಲೇ ಕಟ್ಟೆಯ ಮೇಲೆ ಹಾಜರಿದ್ದ.

“ಮಾಸ್ತರ, ಬೀರಪ್ಪನ ಆಣಿ ಮಾಡಿ ಹೇಳ್ತೇನಿ, ನಾ ನೀರ ಸೈತ ಬೆರಸಿಲ್ಲ. ಈಗ ಹಿಂಡಿಕೊಂಡ ಬಂದೇನಿ. ಬಿಡ್ರಿ ನಿಮ್ಮ ಔಷಧ!”

ಬಿಟ್ಟೆ. ಹಾಲು ಹಳದಿಯಾಯಿತು. ಮತ್ತೆ ಹತ್ತು ಹನಿ ಬಿಟ್ಟೆ. ಊಹೂಂ, ನೀಲಿಯ ಸುಳಿವಿಲ್ಲ.

“ಹಂಗಾರ ಮುಂಜಾನಿ ಒಳಗಿನ ಹಾಲು ಯಾಕ ನೀಲಿ ಆತ್ರಿ ಸರ?” ಎಂದ ಯುನೂಸ. (ಗೆಳೆಯನಂತೆ ಗೆಳೆಯ!)

ಸುರೇಖಾ ಹೊರಗೆ ಬಂದಳು. “ಅದಕ್ಕ ಅನ್ನ ಬಸಿದ ಗಂಜಿ ಹಾಕಿದಾಕಿ ನಾನು. ನಿಮ್ಮ ಪರಮಾಣು ಮಂದಿ ಕುಂತಲ್ಲೇ ಮೂರ್ಮೂರು ಸಲ ಚಹಾ ಕೇಳಿದ್ರ ಹಾಲು ಎಲ್ಲಿಂದ ತರಲಿ? ಎರಡು ತಿಂಗಳಾತು, ಒಬ್ಬರಿಗರೆ ಗೊತ್ತಾತೇನು?”

ರಂಗವ್ವನ ಕಣ್ಣು ತುಂಬಿತು. “ನಾಳಿಂದ ನನ್ನ ಹಾಲು ಯಾರು ತಗೋತಾರ್ರಿ? ಯಾವ್ಯಾವ ಮನಿಗೆ ಹೋಗಿದ್ರಿ, ಆ ಎಲ್ಲಾ ಮನಿಗೂ ಹೋಗಿ ಖರೆ ಹೇಳಿ ಬರ್ರಿ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಮತ್ತೆ ಮನೆಮನೆಗೆ ಹೋದೆ. ರಂಗವ್ವನ ಹಾಲು ಶುದ್ಧ, ಗಂಜಿ ಬೆರೆತದ್ದು ನಮ್ಮ ಅಡುಗೆಮನೆಯಲ್ಲಿ ಎಂದು ಒಪ್ಪಿಕೊಂಡೆ. ಯಾರೂ ಬೈಯಲಿಲ್ಲ. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಹತ್ತಿರ ಬಂದರು.

“ಹೌದೇನ್ರಿ? ಚಹಾ ಕುಡದವ್ರಿಗೆ ಗೊತ್ತ ಆಗಲಿಲ್ಲೇನ್ರಿ? ಒಂದು ಲೀಟರಿಗೆ ಎಷ್ಟು ಗಂಜಿ?”

ಪ್ರಶ್ನೆ ಕೇಳಿದರೆ ಮಾಸ್ತರನಾದವನು ಸುಮ್ಮನಿರಲಾದೀತೇ? ಸುರೇಖಾಳನ್ನು ಕೇಳಿಕೊಂಡು ಬಂದು ಪ್ರಮಾಣಸಹಿತ ವಿವರಿಸಿದೆ.

ನಾಲ್ಕನೆಯ ದಿನ ರಂಗವ್ವ ಮತ್ತೆ ಬಂದಳು, ಈ ಸಲ ತುಂಬಿದ ಕ್ಯಾನಿನ ಸಮೇತ.

“ಮಾಸ್ತರ, ನೀವು ಕೆಟ್ಟ ಹೆಸರು ತಂದಾಗ ಎರಡ ಮನಿಯವ್ರು ಹಾಲು ಬ್ಯಾಡ ಅಂದಿದ್ರು. ನೀವು ಒಳ್ಳೆ ಹೆಸರು ತಂದಮ್ಯಾಲ ಇಡೀ ಓಣಿ ಅರ್ಧಾ ಸಾಕು ಅನ್ನಾಕ ಹತ್ತೈತಿ! ಉಳಿದಿದ್ದೆಲ್ಲಾ ಇನ್ನ ನಿಮ್ಮ ಮನಿಗೇ.”

“ಹಾಕು ರಂಗವ್ವಾ,” ಎಂದು ಸುರೇಖಾ ದೊಡ್ಡ ಪಾತೇಲಿಯನ್ನೇ ಹಿಡಿದಳು. “ಒಂದು ಹನಿ ಹಾಳ ಮಾಡೂದಿಲ್ಲ. ಎಲ್ಲಾ ಇವರಿಗೇ ಕುಡಸ್ತೇನಿ.”

ಅಂದಿನಿಂದ ದಿನಕ್ಕೆ ಎಂಟು ಲೋಟ ಅಪ್ಪಟ ಎಮ್ಮೆ ಹಾಲು ಕುಡಿಯುತ್ತಿದ್ದೇನೆ. ಹೊಟ್ಟೆಯೊಳಗೆ ನಡೆದಿರುವ ರಾಸಾಯನಿಕ ಕ್ರಿಯೆಯನ್ನು ನಾಲ್ಕು ಜನರ ಮುಂದೆ ಚರ್ಚೆಗೆ ಇಡುವ ಹಾಗೂ ಇಲ್ಲ.