ಒಂದೂವರೆ ಮೈಕ್ರೋಫ್ಯಾರಡ್

ಚೌಕಾಸಿ ಮಾಡದೆ ಕೊಂಡ ವಸ್ತು ನನ್ನದು ಅಂತ ನನಗೆ ಅನ್ನಿಸುವುದೇ ಇಲ್ಲ. ಕೊತ್ತಂಬರಿ ಕಟ್ಟಿನಿಂದ ಹಿಡಿದು ಮನೆ ಕಟ್ಟಿಸಿದ ಕಲ್ಲಿನವರೆಗೆ, ಅದೇ ದುಡ್ಡಿಗೆ ಒಂದಿಷ್ಟು ಹೆಚ್ಚು ಕೇಳಿ ಕೇಳಿಯೇ ಮೇಲೆ ಬಂದವನು ನಾನು. ಸಿಕ್ಕವರಿಗೆಲ್ಲ ಇದೇ ಬುದ್ಧಿ ಹೇಳುತ್ತಿದ್ದೆ, ಕಳೆದ ಬೇಸಿಗೆಯವರೆಗೆ.

ಭಾಗ್ಯನಗರದ ನಮ್ಮ ಮನೆಯಲ್ಲಿ ಹೆಂಡತಿ ನೀಲಮ್ಮ ವಿಗ್ ಮಾಡುವವರಿಗೆ ಕೂದಲು ವಿಂಗಡಿಸಿ ಕೊಡುತ್ತಾಳೆ. ಸಿಕ್ಕು ಬಿಡಿಸಿ, ಉದ್ದದ್ದನ್ನು ಉದ್ದದ್ದರ ಜೊತೆ, ಗಿಡ್ಡದ್ದನ್ನು ಗಿಡ್ಡದ್ದರ ಜೊತೆ ಸೇರಿಸುವ ತಾಳ್ಮೆಯ ಕೆಲಸ. ತಲೆಯ ಮೇಲೆ ಫ್ಯಾನು ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಅವಳು ಬೆವರುವುದನ್ನು ನೋಡಲಾರದೆ, ಅವಳು ಅಡುಗೆಮನೆಯಲ್ಲಿದ್ದಾಗ ಫ್ಯಾನಿಗೆ ವೇಗ ಕೊಡುವ ಕೆಪ್ಯಾಸಿಟರ್ ಬಿಚ್ಚಿಕೊಂಡು ರಫೀಕ್ ಸಾಹೇಬರ ಎಲೆಕ್ಟ್ರಿಕ್ ಅಂಗಡಿಗೆ ನಡೆದೆ.

ಅವರು ಅದನ್ನು ಮೀಟರಿಗೆ ಹಚ್ಚಿ, "ಎರಡೂವರಿ ಮೈಕ್ರೋಫ್ಯಾರಡ್ ಇದ್ದದ್ದು ಒಂದೂವರಿಗೆ ಇಳದೈತ್ರಿ" ಎಂದರು. ಮೈಕ್ರೋ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಎಂದೂ ತಿಳಿಸಿದರು. ಅಕ್ಕಿಯನ್ನು ಚೀಲದ ಲೆಕ್ಕದಲ್ಲಿ ಕೊಳ್ಳುವ ನನಗೆ ಅವಮಾನವಾಯಿತು.

"ಈ ಚೂರುಪಾರು ಯಾಕ್ರಿ? ಇಡೀ ಒಂದು ಫ್ಯಾರಡ್ ತಗೊಂಡ್ರ ಹೋಲ್‌ಸೇಲ್ ರೇಟ್ ಏನ್ರಿ?"

"ಇಡೀ ಫ್ಯಾರಡ್ ಕೇಳಿದ ಗಿರಾಕಿ ನೀವ ಮೊದಲಿಗರು ನೋಡ್ರಿ! ನಿಮ್ಮ ಫ್ಯಾನಿಗೆ ಎರಡೂವರಿ ಸಾಕು."

"ಹಂಗಾರ ಅದ ರೊಕ್ಕಕ್ಕ ಮೂರರ ಮ್ಯಾಲಿಂದು ಕೊಡ್ರಿ. ಹಳೇದು ನೀವ ಇಟ್ಕೊಂಡು ಹತ್ತು ರೂಪಾಯಿ ಬಿಡ್ರಿ."

ಬಿಟ್ಟರು. ಗೆದ್ದವನಂತೆ ಮನೆಗೆ ಬಂದು, ಕೂಡಿಸಿ, ಸ್ವಿಚ್ ಒತ್ತಿದೆ. ಫ್ಯಾನು ಬಿರುಗಾಳಿಯಂತೆ ತಿರುಗಿತು. ವೇಗ ತಗ್ಗಿಸೋಣವೆಂದರೆ ರೆಗ್ಯುಲೇಟರ್ ಇಲ್ಲ. ಅದು ಕೆಟ್ಟಾಗ ಖರ್ಚು ಉಳಿಸಲು ನಾನೇ ಕಿತ್ತೆಸೆದು ತಂತಿ ನೇರ ಜೋಡಿಸಿದ್ದೆ. ನೋಡನೋಡುತ್ತಿದ್ದಂತೆ ಉದ್ದದ್ದು, ಗಿಡ್ಡದ್ದು ಕೂದಲೆಲ್ಲ ಒಂದಾಗಿ ಮನೆ ತುಂಬ ಹಾರಾಡಿದವು. ಎಷ್ಟೋ ವರ್ಷಗಳ ಮೇಲೆ ನನ್ನ ಬೋಳು ತಲೆಯ ಮೇಲೂ ಕೂದಲು ಕಂಡವು.

"ಮುಂಜಾನಿಂದ ಮಾಡಿದ ಕೆಲಸಾರೀ!" ನೀಲಮ್ಮ ಓಡಿ ಬಂದು ಸ್ವಿಚ್ ಆರಿಸಿದಳು. "ಸಂಜಿಕ ಕೂದಲಾ ಒಯ್ಯಾಕ ಸಾವ್ಕಾರ ಬರ್ತಾನ. ಆ ಫ್ಯಾನು ಮೆಲ್ಲಕ ತಿರಗತೈತಿ ಅಂತನ ನಾ ಅದರ ಬುಡಕ ಕುಂದರ್ತಿದ್ದೆ. ನಿಮಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಮತ್ತೆ ಅಂಗಡಿಗೆ ಓಡಿದೆ. ಜೀವನದಲ್ಲಿ ಮೊದಲ ಸಲ, ಕಡಿಮೆ ಕೊಡಿ ಎಂದು ಅಂಗಲಾಚಿದೆ. ರಫೀಕ್ ಸಾಹೇಬರು ನನ್ನ ಹಳೆಯದನ್ನೇ ಎತ್ತಿ ಹಿಡಿದು, ಹೊಸದರ ಎರಡರಷ್ಟು ಬೆಲೆ ಹೇಳಿದರು.

"ಹಳೇದಕ್ಕ ಇಷ್ಟಾ?"

"ಹೊಸಾದು ಯಾರರ ಕೊಡ್ತಾರ್ರಿ. ಹತ್ತು ವರ್ಷ ದುಡದ ಮ್ಯಾಲ ಒಂದೂವರಿಗೆ ಇಳದ ಮಾಲು ಎಲ್ಲಿ ಸಿಗತೈತಿ?"

ನಾನೂ ಹೀಗೇ ಮಾತಾಡುತ್ತಿದ್ದೆ ಎಂದು ನೆನೆದು ಕೇಳಿದಷ್ಟೂ ಕೊಟ್ಟು ಬಂದೆ.

ಸಾವ್ಕಾರ ಬರುವವರೆಗೆ ಇಬ್ಬರೂ ಆ ಮಂದಗಾಳಿಯಲ್ಲಿ ಎದುರುಬದುರು ಕುಳಿತು ಕೂದಲು ಬೇರೆ ಮಾಡಿದೆವು. ಕೊನೆಯ ಕಟ್ಟು ಕಟ್ಟುತ್ತ ನೀಲಮ್ಮ ಕೇಳಿದಳು: "ಹಳೇದಕ್ಕ ಎಷ್ಟು ಕೊಟ್ರಿ?"

"ನಮ್ಮದ ಅಲ್ಲೇನು, ಪುಕ್ಕಟ ಕೊಟ್ರು."

"ಅದಕ್ಕ ನೋಡ್ರಿ, ವ್ಯಾಪಾರಕ್ಕ ನಿಮ್ಮನ್ನ ಕಳಸಬೇಕು" ಎಂದು ನನ್ನ ತಲೆಯ ಮೇಲಿನ ಒಂದೇ ಒಂದು ಕೂದಲನ್ನು ಎಳೆದು, ಉದ್ದ ನೋಡಿ, ಗಿಡ್ಡದ ಕಟ್ಟಿಗೆ ಸೇರಿಸಿದಳು.

ತಲೆ ಚುರ್ರೆಂದಿತು; ಅದು ನನ್ನದೇ ಆಗಿತ್ತು. ಬೆಲೆ ಕೇಳುವ ಧೈರ್ಯ ಬರಲಿಲ್ಲ.